ಗಂಗೆ ಹೊತ್ತೊಯ್ದ ಊರು, ಗಡಿ ತಪ್ಪಿದ ಹೊಲ: ಬಲಿಯಾ ಜಿಲ್ಲೆಯ ಹಿನ್ನೆಲೆ

ಜಯಪ್ರಕಾಶ ನಾರಾಯಣರು ಹುಟ್ಟಿದ್ದು ಯಾವ ರಾಜ್ಯದಲ್ಲಿ? ನಾವು ಓದಿದ ಪಾಠದಲ್ಲಿ ಬಿಹಾರ ಎಂದಿತ್ತು. ಉತ್ತರ ಪ್ರದೇಶದ ಪೂರ್ವದ ತುದಿಯಲ್ಲಿರುವ ಬಲಿಯಾ ಜಿಲ್ಲೆಯವರು ಇದನ್ನು ಅಷ್ಟು ಸುಲಭವಾಗಿ ಬಿಟ್ಟುಕೊಡುವುದಿಲ್ಲ. 1902ರ ಅಕ್ಟೋಬರ್ 11ರಂದು ಅವರು ಹುಟ್ಟಿದ ಸಿತಾಬ್ ದಿಯಾರಾ ಇರುವುದು ಗಂಗೆ ಮತ್ತು ಘಾಘ್ರಾ ಕೂಡುವ ಕಡೆ. ಅದರ ಕೆಲವು ಟೋಲಾಗಳು, ಅಂದರೆ ಕೇರಿಗಳು, ಬಿಹಾರದ ಸಾರಣ ಜಿಲ್ಲೆಗೆ ಸೇರಿವೆ, ಕೆಲವು ಬಲಿಯಾಕ್ಕೆ. ಎರಡೂ ಕಡೆ ಅವರ ಸ್ಮಾರಕಗಳಿವೆ. ಒಂದೇ ಊರು ಎರಡು ರಾಜ್ಯಗಳ ಪಾಲಾದದ್ದು ಹೇಗೆ ಎಂದು ಕೇಳಿದರೆ ಉತ್ತರ ಸಾಕಷ್ಟು ಹಿಂದಕ್ಕೆ ಹೋಗುತ್ತದೆ.

ಮೊದಲು ಹೆಸರಿನ ವಿಚಾರ. ಕನ್ನಡದಲ್ಲಿ ಬರೆಯುವವನಿಗೆ ಈ ಊರು ಒಂದು ಪೇಚು ತಂದಿಡುತ್ತದೆ. ವಿಭಕ್ತಿ ಹಚ್ಚಿ 'ಬಲಿಯಾದ ಜನ' ಎಂದರೆ ಅರ್ಥವೇ ಬೇರೆಯಾಗುತ್ತದೆ. ಅಲ್ಲಿಯವರಲ್ಲೂ ಹೆಸರಿನ ಬಗ್ಗೆ ಒಮ್ಮತವಿಲ್ಲ. ವಾಲ್ಮೀಕಿಯ ಆಶ್ರಮವಿತ್ತು, ಅದರಿಂದ ಬಲಿಯಾ ಎನ್ನುವವರಿದ್ದಾರೆ. ಬಲಿ ಚಕ್ರವರ್ತಿಯ ಹೆಸರು ಎನ್ನುವವರೂ ಇದ್ದಾರೆ. ಮರಳಿಗೆ ಅಲ್ಲಿ ಬಾಲೂ ಎನ್ನುತ್ತಾರೆ, ಮರಳು ನೆಲದ ಊರಾದ್ದರಿಂದ ಬಲಿಯಾ ಎಂಬುದು ಮೂರನೆಯ ವಾದ. ಋಷಿಗಿಂತ, ಚಕ್ರವರ್ತಿಗಿಂತ ಮರಳಿನ ವಾದವೇ ನನಗೆ ಹೆಚ್ಚು ನಂಬಿಕೆಗೆ ಅರ್ಹವಾಗಿ ಕಾಣುತ್ತದೆ.

ಆದರೆ ಊರಿನ ನಿಜವಾದ ಯಜಮಾನ ಭೃಗು. ನಮಗೆ ಭೃಗು ಎಂದರೆ ತಿರುಪತಿ ಕಥೆಯ ಆರಂಭ: ತ್ರಿಮೂರ್ತಿಗಳನ್ನು ಪರೀಕ್ಷಿಸಲು ಹೊರಟ ಋಷಿ ವಿಷ್ಣುವಿನ ಎದೆಗೆ ಒದೆಯುತ್ತಾನೆ, ಲಕ್ಷ್ಮಿ ಮುನಿಸಿಕೊಂಡು ಕೊಲ್ಲಾಪುರಕ್ಕೆ ಹೋಗುತ್ತಾಳೆ, ಶ್ರೀನಿವಾಸ ಬೆಟ್ಟಕ್ಕೆ ಬರುತ್ತಾನೆ. ಒದ್ದ ಋಷಿ ಆಮೇಲೆ ಏನಾದ ಎಂದು ನಮ್ಮಲ್ಲಿ ಯಾರೂ ಕೇಳುವುದಿಲ್ಲ. ಬಲಿಯಾದಲ್ಲಿ ಕಥೆ ಶುರುವಾಗುವುದೇ ಅಲ್ಲಿಂದ. ಪಾಪ ಕಳೆಯಲು ಭೃಗು ಕೈಯಲ್ಲಿ ಒಣ ದಂಡ ಹಿಡಿದು ಗಂಗೆಯ ಗುಂಟ ನಡೆದನಂತೆ, ಈ ನೆಲದಲ್ಲಿ ಊರಿದಾಗ ಅದು ಚಿಗುರಿತಂತೆ. ಅವನ ಶಿಷ್ಯ ದರ್ದರ ಮುನಿ ಸರಯೂ, ಅಂದರೆ ಘಾಘ್ರಾ ನದಿಯನ್ನು ಗಂಗೆಗೆ ಕೂಡಿಸಿದನೆಂದೂ ಹೇಳುತ್ತಾರೆ. ಶಿಷ್ಯನ ಹೆಸರಿನಲ್ಲಿ ಕಾರ್ತಿಕ ಹುಣ್ಣಿಮೆಗೆ ದದ್ರಿ ಜಾತ್ರೆ ನೆರೆಯುತ್ತದೆ. ಮೊದಲು ದನ, ಎತ್ತು, ಕುದುರೆಗಳ ವ್ಯಾಪಾರ, ಆಮೇಲೆ ಬಳೆ, ಬಟ್ಟೆ, ಆಟಿಕೆಗಳ ಮೀನಾ ಬಜಾರ್. ಆಧುನಿಕ ಹಿಂದಿಯ ಹಿರಿಯ ಭಾರತೇಂದು ಹರಿಶ್ಚಂದ್ರರು 1884ರಲ್ಲಿ ಇಲ್ಲಿ ಮಾತನಾಡಿ, ನಮ್ಮ ಜನ ರೈಲಿನ ಡಬ್ಬಿಗಳಂತೆ, ಎಳೆಯುವ ಎಂಜಿನ್ ಒಂದಿಲ್ಲದೆ ಚಲಿಸರು ಎಂದು ಚುಚ್ಚಿದ್ದರು. ಬಲಿಯಾದವರು ಆ ಮಾತನ್ನು ಈಗಲೂ ಹೆಮ್ಮೆಯಿಂದಲೇ ನೆನೆಯುತ್ತಾರೆ.

ಆ ಭಾಷಣ ನಡೆದ ಕಾಲದ ಪಟ್ಟಣ ಈಗ ಇಲ್ಲ. 1879ರ ನವೆಂಬರ್ 1ರಂದು ಗಾಜೀಪುರದಿಂದ ಬೇರ್ಪಟ್ಟು ಬಲಿಯಾ ಜಿಲ್ಲೆಯಾಗುವ ಮೊದಲೇ ಗಂಗೆ ಹಳೆಯ ಊರನ್ನು ಕೊರೆಯುತ್ತಿದ್ದಳು. ಶತಮಾನ ಮುಗಿಯುವ ಹೊತ್ತಿಗೆ ಕಚೇರಿ, ಬಜಾರು, ಮನೆಗಳು ಉತ್ತರಕ್ಕೆ ಸರಿಯಬೇಕಾಯಿತು. ಭೃಗುವಿನ ದೇವಸ್ಥಾನವೂ ನದಿಗೆ ಹೋಗಿ ಮತ್ತೆ ಕಟ್ಟಲ್ಪಟ್ಟಿತು. ಇಂದಿನ ಬಲಿಯಾದ ನೇರ ಬೀದಿಗಳು ಹೀಗೆ ಎದ್ದು ಬಂದ ಊರಿನವು. ಹೆಸರು ಪುರಾಣ ಕಾಲದ್ದು, ಗೋಡೆಗಳಿಗೆ ನೂರು ವರ್ಷದ ಮೇಲೆ ಸ್ವಲ್ಪ.

'ಬಾಗಿ ಬಲಿಯಾ', ಅಂದರೆ ಬಂಡಾಯದ ಬಲಿಯಾ ಎಂಬ ಬಿರುದಿನ ಕಥೆ ಹೆಚ್ಚು ಪ್ರಚಲಿತ, ಹಾಗಾಗಿ ಚುಟುಕಾಗಿ ಹೇಳಬಹುದು. 1857ರ ಮಾರ್ಚ್ 29ರಂದು ಬ್ಯಾರಕ್‌ಪುರದಲ್ಲಿ ಬಂದೂಕೆತ್ತಿದ ಮಂಗಲ್ ಪಾಂಡೆಯನ್ನು ಜಿಲ್ಲೆ ತನ್ನ ನಾಗವಾ ಗ್ರಾಮದ ಮಗನೆಂದು ಎಣಿಸುತ್ತದೆ. ಮರುವರ್ಷದ ಏಪ್ರಿಲ್‌ನಲ್ಲಿ ಬಿಹಾರದ ಜಗದೀಶಪುರದ ಮುದುಕ, ದಂಗೆಯ ನಾಯಕ ಕುಂವರ್ ಸಿಂಹ ಇದೇ ದಡದಿಂದ ಗಂಗೆ ದಾಟುವಾಗ ತೋಳಿಗೆ ಗುಂಡು ಬಿತ್ತು. ತನ್ನ ಕತ್ತಿಯಿಂದಲೇ ಆ ತೋಳನ್ನು ಕಡಿದು ಗಂಗೆಗೆ ಅರ್ಪಿಸಿದನೆಂಬುದು ಭೋಜ್‌ಪುರಿ ಹಾಡುಗಳಲ್ಲಿ ಇಂದಿಗೂ ಹರಿಯುವ ಮಾತು.

1942ರಲ್ಲಿ ನದಿಗಳು ಬಂಡಾಯಗಾರರಿಗೆ ನೆರವಾದವು ಎನ್ನಬೇಕು. ಆಗಸ್ಟ್ ತಿಂಗಳು, ಉತ್ತರ ದಕ್ಷಿಣಗಳಲ್ಲಿ ಎರಡು ತುಂಬಿದ ಹೊಳೆ. ನಡುವೆ ಜನ ರೈಲು ಹಳಿ ಕಿತ್ತು, ತಂತಿ ಕತ್ತರಿಸಿದ ಮೇಲೆ ಜಿಲ್ಲೆ ನಡುಗಡ್ಡೆಯಂತಾಯಿತು. 18ರಂದು ಬೈರಿಯಾ ಠಾಣೆಯ ಮುಂದೆ ಗುಂಡು ಹಾರಿ ಅನೇಕರು ಸತ್ತರು. 19ರಂದು ಜೈಲಿನ ಮುಂದೆ ಸಾವಿರಾರು ಜನ ಸೇರಿದಾಗ ಬಾಗಿಲು ತೆರೆಯಬೇಕಾಯಿತು, ಕಾಂಗ್ರೆಸ್ ನಾಯಕ ಚಿತ್ತು ಪಾಂಡೆ ಮತ್ತು ಸಂಗಡಿಗರು ಹೊರಬಂದರು, ಅವರ ನೇತೃತ್ವದಲ್ಲಿ ಸ್ವತಂತ್ರ ಆಡಳಿತ ಘೋಷಣೆಯಾಯಿತು. 22ರ ರಾತ್ರಿ ಸೈನ್ಯ ಬಂತು. ಮುಂದಿನದು ಸುಟ್ಟ ಮನೆಗಳ ಕಥೆ. ಅದೇ ತಿಂಗಳುಗಳಲ್ಲಿ ನಮ್ಮ ಶಿಕಾರಿಪುರದ ಈಸೂರಿನಲ್ಲಿ ನಡೆದದ್ದನ್ನು ಬಲ್ಲವರಿಗೆ ಈ ಕೆಲವೇ ದಿನಗಳ ಸರ್ಕಾರ ಚಿಕ್ಕದೆನಿಸಲಾರದು.

ಇನ್ನು ಗಡಿ. ಗೋಜಲು ಇರುವುದು ಇಲ್ಲಿ.

ಬಲಿಯಾದ ಗಂಗೆ ನಮ್ಮ ಕಾವೇರಿಯಂತೆ ಬಂಡೆಯ ನಡುವೆ ಹರಿಯುವವಳಲ್ಲ. ಮೆತ್ತನೆಯ ಮೆಕ್ಕಲು ಮಣ್ಣಿನಲ್ಲಿ ಒಂದು ಮಳೆಗಾಲಕ್ಕೆ ಮೈಲಿಗಟ್ಟಲೆ ಮಗ್ಗುಲು ಬದಲಿಸಬಲ್ಲವಳು. ಅವಳು ಬಿಟ್ಟುಹೋದ ನೆಲವೇ ದಿಯಾರಾ: ಪರವಲ್, ಕಲ್ಲಂಗಡಿ, ಗೋಧಿ ಚೆನ್ನಾಗಿ ಬರುವ, ಯಾವ ವರ್ಷ ಬೇಕಾದರೂ ಮಾಯವಾಗುವ ನೆಲ. ಕಂದಾಯ ದಫ್ತರದವರು ಇದಕ್ಕೆ ಚೆಂದದ ಪಾರಸಿ ಪದಗಳನ್ನು ಇಟ್ಟುಕೊಂಡಿದ್ದರು. ನದಿ ಎತ್ತಿಕೊಟ್ಟದ್ದು ಗಂಗ್‌ಬರಾರ್, ನದಿ ಕಿತ್ತುಕೊಂಡದ್ದು ಗಂಗ್‌ಶಿಕಸ್ತ್. ಗಡಿಗೆ ಇದ್ದ ನಿಯಮ ಧಾರ್‌ಧುರಾ. ನದಿಯ ಆಳದ ಧಾರೆ ಎಲ್ಲಿದೆಯೋ ಅದೇ ಗಡಿ. ಧಾರೆ ಸರಿದರೆ ಗಡಿಯೂ ಸರಿಯಿತು. ಮಲಗುವಾಗ ಬಲಿಯಾದಲ್ಲಿದ್ದ ಹಳ್ಳಿ ಮಳೆಗಾಲ ಕಳೆದು ನೋಡಿದರೆ ಬಿಹಾರದ ಸಾರಣಕ್ಕೋ ಶಾಹಾಬಾದ್ ಜಿಲ್ಲೆಗೋ ಸೇರಿರುತ್ತಿತ್ತು. ಠಾಣೆ ಬೇರೆ, ಕೋರ್ಟು ಬೇರೆ, ಕಂದಾಯ ಕೇಳಲು ಬರುವವನೂ ಬೇರೆ.

ಬ್ರಿಟಿಷರ ಕಾಲದಲ್ಲಿ ಇದು ತಲೆನೋವು, ಸ್ವಾತಂತ್ರ್ಯದ ನಂತರ ಜಗಳ. ಎರಡೂ ರಾಜ್ಯಗಳು ಜಮೀನ್ದಾರಿ ರದ್ದತಿಗೆ ಬೇರೆ ಬೇರೆ ಕಾಯ್ದೆ ಮಾಡಿದ ಮೇಲೆ ಹೊಳೆಯ ಈಚೆಗೆ ಭೂಮಿಧರ, ಅಂದರೆ ಹೊಲದ ಹಕ್ಕುದಾರನಾಗಿದ್ದವನು ಆಚೆಗೆ ಯಾರು ಎಂಬ ಪ್ರಶ್ನೆ ಎದ್ದಿತು. ಕಾನೂನು ಉತ್ತರ ಹೇಳುವ ಮೊದಲೇ ಕೊಯ್ಲಿನ ಹೊತ್ತಿಗೆ ಲಾಠಿಗಳು ಹೇಳಿರುತ್ತಿದ್ದವು. ಬಿತ್ತಿದವನು ಒಬ್ಬ, ಕೊಯ್ದವನು ಇನ್ನೊಬ್ಬ. ವಿಷಯ ಮಧ್ಯಸ್ಥಿಕೆಗಾಗಿ ನಿವೃತ್ತ ಐಸಿಎಸ್ ಅಧಿಕಾರಿ ಸಿ.ಎಂ. ತ್ರಿವೇದಿ ಅವರ ಮುಂದೆ ಹೋಯಿತು. 1964ರಲ್ಲಿ ಅವರ ತೀರ್ಪು ಬಂತು, 1968ರಲ್ಲಿ ಸಂಸತ್ತು ಕಾಯ್ದೆ ಮಾಡಿತು, 1970ರ ಜೂನ್ 10ರಿಂದ ಜಾರಿಗೆ ಬಂತು. ಚಲಿಸುವ ಧಾರೆಯನ್ನು ಬಿಟ್ಟು ಕಂಬ ನೆಟ್ಟು ಗುರುತಿಸುವ ಸ್ಥಿರ ಗಡಿ.

ಕಾಗದದ ಮೇಲೆ ಇದಕ್ಕಿಂತ ಒಳ್ಳೆಯ ಪರಿಹಾರ ಹೊಳೆಯುವುದು ಕಷ್ಟ. ಗಡಿ ನಿಂತಿತು, ನದಿ ನಿಲ್ಲಲಿಲ್ಲ. ಮೊದಲು ಊರು ದಡ ಬದಲಿಸಿದರೆ ಜಿಲ್ಲೆಯೂ ಬದಲಾಗುತ್ತಿತ್ತು. ಈಗ ಊರು ಆಚೆ ದಡಕ್ಕೆ ಬಿದ್ದರೂ ಜಿಲ್ಲೆ ಈಚೆಯದೇ. ಕಂಬ ನೆಟ್ಟ ನೆಲವೇ ಕುಸಿದರೆ ಅಳತೆ ಮತ್ತೆ ಮೊದಲಿನಿಂದ.

ಎರಡೂ ಕಡೆಯವರು ಮಾತನಾಡುವುದು ಒಂದೇ ಭೋಜ್‌ಪುರಿ. ಹೆಣ್ಣು ಕೊಟ್ಟು ತರುವುದೂ ಹೊಳೆ ದಾಟಿಯೇ. 2011ರ ಜನಗಣತಿಯಲ್ಲಿ 5 ಕೋಟಿಗೂ ಹೆಚ್ಚು ಜನ ಇದನ್ನು ತಾಯ್ನುಡಿ ಎಂದು ಬರೆಸಿದರೂ ಲೆಕ್ಕ ಸೇರಿದ್ದು ಹಿಂದಿಯ ಖಾತೆಗೆ. ಎಂಟನೇ ಅನುಸೂಚಿಯ ಬಾಗಿಲಲ್ಲಿ ತುಳುವಿನ ಜೊತೆ ಅದೂ ಕಾಯುತ್ತಿದೆ.

ಭೂಸವೆತಕ್ಕೆ ಅಲ್ಲಿಯ ಮಾತು 'ಕಟಾನ್'. ಪ್ರವಾಹಕ್ಕಿಂತ ಅದಕ್ಕೇ ಹೆಚ್ಚು ಹೆದರುತ್ತಾರೆ. ಪ್ರವಾಹ ಬಂದು ಇಳಿಯುತ್ತದೆ, ಕಟಾನ್ ಹೊತ್ತೊಯ್ದದ್ದು ಹೋದಂತೆಯೇ. ಅಂಗಳದಲ್ಲಿ ಕೂದಲೆಳೆಯಂಥ ಬಿರುಕು ಕಾಣಿಸಿಕೊಂಡರೆ ಮನೆಯವರು ತಡಮಾಡುವುದಿಲ್ಲ. ತಾವೇ ಹಾರೆ ಹಿಡಿದು ಮನೆ ಕೆಡವಲು ನಿಲ್ಲುತ್ತಾರೆ. ಬಾಗಿಲು ಚೌಕಟ್ಟು ಸಮೇತ ಕಿತ್ತು ಬರುತ್ತದೆ, ಇಟ್ಟಿಗೆಗಳನ್ನು ಒಂದೊಂದಾಗಿ ಬಿಡಿಸಿ ಟ್ರ್ಯಾಕ್ಟರಿಗೆ ಪೇರಿಸುತ್ತಾರೆ. ಬಂಧ್ ಎನ್ನುವ ಮಣ್ಣಿನ ಏರಿಯ ಮೇಲೆ ತಾಡಪಾಲು ಕಟ್ಟಿಕೊಂಡು ಕೂರುತ್ತಾರೆ. ಆ ಏರಿಗೂ ಭರವಸೆಯಿಲ್ಲ: 2019ರ ಸೆಪ್ಟೆಂಬರ್‌ನಲ್ಲಿ ದುಬೆ ಛಪ್ರಾದ ರಿಂಗ್ ಬಂಧ್ ಒಡೆದು ಹಳ್ಳಿಗಳು ಮುಳುಗಿದವು. ಈ ಸೀಮೆಯಲ್ಲಿ ಛಪ್ರಾ ಎಂದು ಮುಗಿಯುವ ಊರುಗಳು ಬಹಳ. ಹುಲ್ಲಿನ ಮಾಡು ಎಂಬರ್ಥದ ಆ ಮಾತು ನಮ್ಮ ಚಪ್ಪರದ ನಂಟಿನದೇ. ಬಿಚ್ಚಿ ಇನ್ನೊಂದು ಕಡೆ ಕಟ್ಟಿಕೊಳ್ಳುವುದು ಹೆಸರಿನಲ್ಲೇ ಇತ್ತು. ಇಟ್ಟಿಗೆ, ಸಿಮೆಂಟು ಬಂದ ಮೇಲೆ ಅಷ್ಟು ಹಗುರವಾಗಿ ಏಳಲು ಆಗುತ್ತಿಲ್ಲ.

ಬೈರಿಯಾ ತಹಶೀಲಿನ ನೌರಂಗಾ ಹೀಗೆ ಗಂಗೆಯ ಆಚೆ ದಡದಲ್ಲಿ, ಬಿಹಾರಕ್ಕೆ ಅಂಟಿಕೊಂಡು ಉಳಿದಿರುವ ಬಲಿಯಾದ ಊರು. ಬೇಸಿಗೆ ಮುಗಿಯುವವರೆಗೆ ಅಲ್ಲಿಗೆ ಪೀಪಾ ಪೂಲ್ ಇರುತ್ತದೆ, ಕಬ್ಬಿಣದ ಪೀಪಾಯಿಗಳನ್ನು ತೇಲಬಿಟ್ಟು ಮೇಲೆ ಹಲಗೆ ಹಾಸಿದ ಸೇತುವೆ. ಮಳೆಗಾಲಕ್ಕೆ ಮುಂಚೆ ಅದನ್ನು ಬಿಚ್ಚಿ ದಡಕ್ಕೆ ಎಳೆದಿಡುತ್ತಾರೆ. ಆಮೇಲೆ ಒಂದು ಜಾತಿ ಪ್ರಮಾಣಪತ್ರ ಬೇಕೆಂದರೂ ತುಂಬಿದ ಗಂಗೆಯಲ್ಲಿ ದೋಣಿ ಹತ್ತಬೇಕು, ಇಲ್ಲವೇ ಬಿಹಾರದೊಳಗೆ ಸುತ್ತು ಹಾಕಿ ತಮ್ಮದೇ ಜಿಲ್ಲೆಗೆ ಬರಬೇಕು.