ಬೆಲ್ಟ್ ಬದಲಿಸಿದ ಮೇಲೆ ಬ್ಯಾಟರಿ ಚಾರ್ಜ್ ಆಗುತ್ತಿಲ್ಲ: ಎಲ್ಲಿ ಹುಡುಕಬೇಕು?

ನಮ್ಮ ಹಳೆಯ ಪೆಟ್ರೋಲ್ ಕಾರಿಗೆ ಮನೆಯಲ್ಲೇ ಬೆಲ್ಟ್ ಬದಲಿಸಿದೆ. ಕೈ ಆಡಿಸಲು ಜಾಗ ಸಾಲದೆ ಆಲ್ಟರ್ನೇಟರನ್ನು (ಆ ಬೆಲ್ಟಿನಿಂದ ತಿರುಗಿ, ಕರೆಂಟ್ ಹುಟ್ಟಿಸಿ ಬ್ಯಾಟರಿ ಚಾರ್ಜ್ ಮಾಡುವ ಯಂತ್ರ) ಬಿಚ್ಚಿ, ಮತ್ತೆ ಕೂರಿಸಿದೆ. ಮೂರನೇ ದಿನ ಬೆಳಿಗ್ಗೆ ಸೆಲ್ಫ್ ಹೊಡೆಯಲೇ ಇಲ್ಲ. ಇಂಥ ಹೊತ್ತಲ್ಲಿ ಹೊಸ ಬ್ಯಾಟರಿ ತರಲು ಓಡಬೇಡಿ. ರಿಪೇರಿಗೆ ಮುಂಚೆ ಸರಿಯಿದ್ದದ್ದು ಆಮೇಲೆ ಕೆಟ್ಟರೆ, ಮೊದಲು ನಾವು ಕೈ ಹಾಕಿದ ಜಾಗವನ್ನೇ ನೋಡಬೇಕು, ಅಲ್ವಾ?

ಮೊದಲು ಮಲ್ಟಿಮೀಟರಿನಲ್ಲಿ ಬ್ಯಾಟರಿಯ ವೋಲ್ಟೇಜ್ ಅಳತೆ. 12 ವೋಲ್ಟಿನ ಬ್ಯಾಟರಿ ಪೂರ್ತಿ ಚಾರ್ಜ್ ಆಗಿ ಕೆಲವು ಗಂಟೆ ಸುಮ್ನೆ ಕೂತಿದ್ದರೆ ಸುಮಾರು 12.6 ತೋರಿಸುತ್ತದೆ. 12.2 ಅಂದರೆ ಹೆಚ್ಚುಕಮ್ಮಿ ಅರ್ಧ ಖಾಲಿ. ಎಂಜಿನ್ ಓಡುವಾಗ 13.8ರಿಂದ 14.5 ಇರಬೇಕು. ಈಚಿನ ಕೆಲವು ಕಾರುಗಳಲ್ಲಿ ಕಂಪ್ಯೂಟರೇ ಇದನ್ನು ಏರಿಸಿ ಇಳಿಸುತ್ತದೆ, ಅವಕ್ಕೆ ಈ ಲೆಕ್ಕ ನಡೆಯುವುದಿಲ್ಲ. ಬ್ಯಾಟರಿಯನ್ನು ಹೊರಗೆ ಚಾರ್ಜ್ ಮಾಡಿಸಿ, ಗಾಡಿ ಸ್ಟಾರ್ಟ್ ಮಾಡಿ, ಹೆಡ್‌ಲೈಟ್ ಹಾಕಿ ನೋಡಿದೆ: 12.7.

ಬೆಲ್ಟ್ ಬಿಗಿಯಾಗಿತ್ತು, ಕಿರುಚುತ್ತಿರಲಿಲ್ಲ. ಡ್ಯಾಶ್‌ಬೋರ್ಡಿನ ಬ್ಯಾಟರಿ ದೀಪವೂ ಆರಿತ್ತು. ನನ್ನನ್ನು ದಾರಿ ತಪ್ಪಿಸಿದ್ದು ಈ ದೀಪವೇ. ಹಳೆಯ ಗಾಡಿಗಳಲ್ಲಿ ಇದರ ಒಂದು ತುದಿ ಕೀ ಕಡೆಗೆ, ಇನ್ನೊಂದು ಆಲ್ಟರ್ನೇಟರ್ ಕಡೆಗೆ. ಕೀ ತಿರುಗಿಸಿದಾಗ ದೀಪದ ಮೂಲಕ ಕರೆಂಟ್ ಹರಿದು ಆಲ್ಟರ್ನೇಟರಿನ ಒಳಗೆ ತಿರುಗುವ ಭಾಗ, ಅಂದರೆ ರೋಟರ್, ಕಾಂತವಾಗುತ್ತದೆ, ದೀಪ ಉರಿಯುತ್ತದೆ. ಎಂಜಿನ್ ಓಡಿ ಆಲ್ಟರ್ನೇಟರ್ ಕರೆಂಟ್ ಕೊಡಲು ಶುರು ಮಾಡಿದರೆ ಎರಡೂ ತುದಿಯ ವೋಲ್ಟೇಜ್ ಹತ್ತಿರ ಹತ್ತಿರ ಒಂದೇ ಆಗುತ್ತದೆ, ದೀಪ ಆರುತ್ತದೆ. ಅಂದರೆ ದೀಪ ಹೇಳುವುದು ಕರೆಂಟ್ ಹುಟ್ಟುತ್ತಿದೆ ಅಂತ. ಅದು ಬ್ಯಾಟರಿಗೆ ತಲುಪಿತೋ ಇಲ್ಲವೋ, ಅದಕ್ಕೆ ಗೊತ್ತಿಲ್ಲ. ಇನ್ನು, ಕೀ ಹಾಕಿದಾಗ ದೀಪ ಉರಿಯಲೇ ಇಲ್ಲ ಅಂದರೆ ಬಲ್ಬ್ ಸುಟ್ಟಿರಬಹುದು, ಅಥವಾ ಆಲ್ಟರ್ನೇಟರಿನ ಸಣ್ಣ ವೈರಿನ ಕಪ್ಲರ್ (ಪ್ಲಗ್) ಸಿಕ್ಕಿಸಲು ಮರೆತಿರಬಹುದು.

ಹಾಗಾದರೆ ದಾರಿಯಲ್ಲಿ ಎಲ್ಲಿ ಸೋರುತ್ತಿದೆ? ಎಂಜಿನ್ ಓಡುತ್ತಿರುವಾಗಲೇ, ಬೆಲ್ಟಿನಿಂದ ಕೈ ದೂರವಿಟ್ಟು, ಮೀಟರಿನ ಒಂದು ಕಡ್ಡಿ ಆಲ್ಟರ್ನೇಟರಿನ ದಪ್ಪ ವೈರ್ ಕೂರುವ ಬೋಲ್ಟಿಗೆ, ಇನ್ನೊಂದು ಬ್ಯಾಟರಿಯ ಪ್ಲಸ್ಸಿಗೆ ಇಟ್ಟೆ. 0.2 ವೋಲ್ಟ್ ಒಳಗೆ ಇರಬೇಕಾದದ್ದು 1.5! ಹಿಂದಿನ ದಿನ ಅದೇ ವೈರನ್ನು ಎಂಜಿನ್ ನಿಲ್ಲಿಸಿ ಓಮ್ ಮೋಡಿನಲ್ಲಿ (ವೈರಿನ ತಡೆ ಅಳೆಯುವ ಮೋಡ್) ನೋಡಿ 'ಸರಿಯಿದೆ' ಅಂದುಕೊಂಡಿದ್ದೆ. ಲೆಕ್ಕ ಹಾಕಿ: 20 ಆಂಪಿಯರ್ ಹರಿಯುವಾಗ 1.5 ವೋಲ್ಟ್ ಕಳೆದುಹೋಗಲು 0.075 ಓಮ್ ಸಾಕು. ಸಾಮಾನ್ಯ ಮೀಟರಿನ ವೈರುಗಳಿಗೇ ಅದಕ್ಕಿಂತ ಜಾಸ್ತಿ ಇರುತ್ತದೆ. ಹಾಗಾಗಿ ದಪ್ಪ ವೈರಿನ ಇಂಥ ದೋಷ ಲೋಡ್ ಇದ್ದಾಗ, ಅಂದರೆ ಜಾಸ್ತಿ ಕರೆಂಟ್ ಹರಿಯುವಾಗ ಮಾತ್ರ ಸಿಗುತ್ತದೆ. ಇದೇ ಪರೀಕ್ಷೆಯನ್ನು ಆಲ್ಟರ್ನೇಟರಿನ ಮೈ ಮತ್ತು ಬ್ಯಾಟರಿ ಮೈನಸ್ ನಡುವೆಯೂ ಮಾಡಿ. ಅರ್ಥ್ (ಕರೆಂಟ್ ಮೈನಸ್ಸಿಗೆ ಮರಳುವ ದಾರಿ) ಕೆಟ್ಟಿದ್ದರೆ ಅಲ್ಲಿ ಸಿಕ್ಕಿಬೀಳುತ್ತದೆ.

ಎಂಜಿನ್ ನಿಲ್ಲಿಸಿ, ಬ್ಯಾಟರಿಯ ಮೈನಸ್ ತೆಗೆದ ಮೇಲೆಯೇ ಆ ದಪ್ಪ ವೈರಿನ ನಟ್ ಮುಟ್ಟಿ. ಕೀ ತೆಗೆದರೂ ಅಲ್ಲಿ ಕರೆಂಟ್ ಇರುತ್ತದೆ. ಸ್ಪ್ಯಾನರ್ ಬಾಡಿಗೆ ತಗುಲಿದರೆ ಕಿಡಿ ಹಾರುತ್ತದೆ. ನಟ್ ಬಿಚ್ಚಿ ನೋಡಿದರೆ ಅದನ್ನು ಮುಚ್ಚುವ ರಬ್ಬರ್ ಟೋಪಿಯ ಅಂಚು ವೈರಿನ ತುದಿಯ ಲೋಹದ ಬಳೆಯ ಕೆಳಗೆ ಮಡಚಿಕೊಂಡು, ಬಿಸಿಗೆ ಕಪ್ಪಾಗಿ ಮಿರುಗುತ್ತಿತ್ತು. ನಾನೇ ಬಿಗಿ ಮಾಡಿದ ನಟ್ ಅದು. ರಬ್ಬರ್ ಎಳೆದು, ಬಳೆಯನ್ನು ಉಪ್ಪು ಕಾಗದದಲ್ಲಿ ಉಜ್ಜಿ, ಮತ್ತೆ ಬಿಗಿ ಮಾಡಿದೆ. ಕಳೆದುಹೋಗುತ್ತಿದ್ದ 1.5 ಈಗ 0.1. ಬ್ಯಾಟರಿಯಲ್ಲಿ 14.1.

ಇನ್ನೊಂದು ಮಾತು. ಚಾರ್ಜ್ ಆಗುತ್ತಿದೆಯಾ ನೋಡಲು ಎಂಜಿನ್ ಓಡುವಾಗ ಬ್ಯಾಟರಿ ವೈರ್ ಕೀಳುವವರಿದ್ದಾರೆ. ದಯವಿಟ್ಟು ಬೇಡ. ವೋಲ್ಟೇಜ್ ಒಮ್ಮೆಲೇ ಜಿಗಿದು ಆಲ್ಟರ್ನೇಟರಿನ ಡಯೋಡ್, ಗಾಡಿಯ ಕಂಪ್ಯೂಟರ್ ಎರಡೂ ಸುಡಬಹುದು.