ಮನೆಯಲ್ಲಿ ತಯಾರಿಸುವ ಬಿಯರಿನಲ್ಲಿ ಹಾಪ್ಸ್ ಕಹಿಯ ಹದ

ಒಣಗಿದ ಹಾಪ್ಸ್ ಹೂವೊಂದನ್ನು ಉದ್ದಕ್ಕೆ ಸೀಳಿ ನೋಡಿದರೆ, ಎಸಳುಗಳ ಬುಡದಲ್ಲಿ ಹಳದಿ ಪುಡಿಯಂಥ ಕಣಗಳು ಅಂಟಿಕೊಂಡಿರುತ್ತವೆ. ಬೆರಳಿನಿಂದ ಉಜ್ಜಿದಾಗ ಜಿಗುಟಾಗುವ ಈ ಲುಪುಲಿನ್ ಗ್ರಂಥಿಗಳಲ್ಲಿಯೇ ಕಹಿಗೆ ಮೂಲವಾದ ಆಲ್ಫಾ ಆಮ್ಲಗಳೂ ಪರಿಮಳ ಕೊಡುವ ತೈಲಗಳೂ ಇವೆ. ಮನೆಯಲ್ಲಿ ಬಿಯರ್ ತಯಾರಿಸುವವರು ಕಹಿ ಹೆಚ್ಚಾಯಿತೆಂದರೆ ಮುಂದಿನ ಸಲ ಹಾಪ್ಸ್ ತೂಕವನ್ನು ತಗ್ಗಿಸುತ್ತಾರೆ, ಕಡಿಮೆಯಾಯಿತೆಂದರೆ ಏರಿಸುತ್ತಾರೆ. ಆದರೆ ನಾಲಿಗೆಗೆ ತಾಗುವ ಕಹಿಯನ್ನು ಹಾಪ್ಸ್ ಎಷ್ಟು ನಿರ್ಧರಿಸುತ್ತದೆಯೋ, ಯೀಸ್ಟ್ ತಿನ್ನದೆ ಬಿಟ್ಟ ಮಾಲ್ಟಿನ (ಮೊಳಕೆ ಬರಿಸಿ ಒಣಗಿಸಿದ ಧಾನ್ಯದ) ಅಂಶವೂ ಅಷ್ಟೇ ನಿರ್ಧರಿಸುತ್ತದೆ. ಹದವನ್ನು ಹುಡುಕಬೇಕಾದದ್ದು ಈ ಎರಡರ ನಡುವೆ.

ಆಲ್ಫಾ ಆಮ್ಲಗಳು ಇದ್ದ ಹಾಗೆಯೇ ನೀರಿನಲ್ಲಿ ಸುಲಭವಾಗಿ ಕರಗುವುದಿಲ್ಲ, ಅಂಥ ಕಹಿಯನ್ನೂ ಕೊಡುವುದಿಲ್ಲ. ಮಾಲ್ಟಿನಿಂದ ಬಸಿದ ಸಿಹಿ ದ್ರವವಾದ ವರ್ಟಿನಲ್ಲಿ ಅವು ಕುದಿಯುವಾಗ, ಅಣುವಿನೊಳಗಿನ ಪರಮಾಣುಗಳ ಜೋಡಣೆ ಬದಲಾಗಿ ಐಸೋ ಆಲ್ಫಾ ಆಮ್ಲಗಳಾಗುತ್ತವೆ. ಬಿಯರಿನ ಮುಖ್ಯ ಕಹಿ ಇವುಗಳದ್ದು. ಈ ಮಾರ್ಪಾಡಿಗೆ ಶಾಖವೂ ಸಮಯವೂ ಬೇಕು. ಆದ್ದರಿಂದಲೇ ಕಹಿಗೆಂದು ಹಾಕುವ ಹಾಪ್ಸನ್ನು ಸುಮಾರು 60 ನಿಮಿಷ ಕುದಿಸುತ್ತಾರೆ, ಪರಿಮಳಕ್ಕೆಂದು ಹಾಕುವುದನ್ನು ತೈಲಗಳು ಆವಿಯಾಗಿ ಹೋಗದಂತೆ ಕೊನೆಯ ನಿಮಿಷಗಳಿಗೆ ಉಳಿಸಿಕೊಳ್ಳುತ್ತಾರೆ.

ಕಹಿಯ ಅಳತೆಗೆ ಬಳಸುವ ಐಬಿಯು ಸ್ಥೂಲವಾಗಿ ಒಂದು ಲೀಟರ್ ಬಿಯರಿನಲ್ಲಿ ಎಷ್ಟು ಮಿಲಿಗ್ರಾಂ ಐಸೋ ಆಲ್ಫಾ ಆಮ್ಲವಿದೆ ಎಂಬುದನ್ನು ಹೇಳುತ್ತದೆ. ಒಂದು ಲೆಕ್ಕ ಮಾಡಿ ನೋಡೋಣ. 6 ಶೇಕಡಾ ಆಲ್ಫಾ ಆಮ್ಲವಿರುವ 30 ಗ್ರಾಂ ಹಾಪ್ಸನ್ನು 20 ಲೀಟರ್ ವರ್ಟಿಗೆ ಹಾಕಿದರೆ, ಪ್ರತಿ ಲೀಟರಿಗೆ 90 ಮಿಲಿಗ್ರಾಂ ಆಲ್ಫಾ ಆಮ್ಲ ಸೇರಿದಂತಾಯಿತು. ವರ್ಟಿನ ಸಾಪೇಕ್ಷ ಸಾಂದ್ರತೆ (ನೀರನ್ನು 1.000 ಎಂದಿಟ್ಟುಕೊಂಡ ಅಳತೆ, ಸಕ್ಕರೆ ಹೆಚ್ಚಿದಷ್ಟೂ ಏರುತ್ತದೆ) 1.050 ಇದ್ದು 60 ನಿಮಿಷ ಕುದಿಸಿದಾಗ, ಮನೆ ತಯಾರಕರು ಹೆಚ್ಚಾಗಿ ನೆಚ್ಚಿಕೊಳ್ಳುವ ಟಿನ್ಸೆತ್ ಸೂತ್ರದ ಪ್ರಕಾರ ಅದರಲ್ಲಿ 23 ಶೇಕಡಾದಷ್ಟು ಮಾತ್ರ ಕಹಿಯಾಗಿ ದಕ್ಕುತ್ತದೆ, ಅಂದರೆ ಸುಮಾರು 21 ಐಬಿಯು. ಅದೇ ಹಾಪ್ಸನ್ನು ಕೊನೆಯ 10 ನಿಮಿಷಕ್ಕೆ ಹಾಕಿದರೆ ದಕ್ಕುವುದು 7 ಅಥವಾ 8 ಐಬಿಯು. ಸಾಂದ್ರತೆ 1.070ಕ್ಕೆ ಏರಿದರೆ ಪೂರ್ತಿ ಒಂದು ಗಂಟೆ ಕುದಿಸಿದರೂ 17ರ ಆಸುಪಾಸಿನಲ್ಲಿ ನಿಲ್ಲುತ್ತದೆ. ಈ ಸಂಖ್ಯೆಗಳು ಅಂದಾಜುಗಳೇ ಹೊರತು ಅಳತೆಗಳಲ್ಲ. ಹಾಪ್ಸ್ ಹಳೆಯದಾಗಿ ಗಾಳಿಗೆ ಒಡ್ಡಿಕೊಂಡಿದ್ದರೆ ಪೊಟ್ಟಣದ ಮೇಲೆ ಮುದ್ರಿಸಿದ ಆಲ್ಫಾ ಪ್ರಮಾಣ ಅದರಲ್ಲಿ ಉಳಿದಿರುವುದಿಲ್ಲ. ಗಾಳಿಯಾಡದಂತೆ ಮುಚ್ಚಿ ಫ್ರೀಜರಿನಲ್ಲಿಡುವುದು ಈ ಕಾರಣಕ್ಕೆ. ಒಲೆ ಆರಿಸಿದ ಮೇಲೂ ವರ್ಟ್ ಸುಮಾರು 80 ಡಿಗ್ರಿ ಸೆಲ್ಸಿಯಸ್‌ಗಿಂತ ಬಿಸಿಯಾಗಿರುವಷ್ಟು ಹೊತ್ತು ಮಾರ್ಪಾಡು ನಿಧಾನವಾಗಿ ನಡೆಯುತ್ತಲೇ ಇರುತ್ತದೆ. ವರ್ಟನ್ನು ಬೇಗ ತಣಿಸದವರ ಬಿಯರಿನಲ್ಲಿ ಲೆಕ್ಕಕ್ಕೆ ಸಿಗದ ಕಹಿ ನುಸುಳುವುದು ಬಹುಮಟ್ಟಿಗೆ ಇಲ್ಲಿಂದಲೇ.

ಇಷ್ಟಾದರೂ ಐಬಿಯು ಒಂದರಿಂದಲೇ ರುಚಿ ತಿಳಿಯುವುದಿಲ್ಲ. ಐಬಿಯುವನ್ನು ಆರಂಭಿಕ ಸಾಂದ್ರತೆಯ ಕೊನೆಯ ಅಂಕಿಗಳಿಂದ (1.050 ಆದರೆ 50ರಿಂದ) ಭಾಗಿಸುವ ವಾಡಿಕೆ ಇರುವುದು ಅದಕ್ಕಾಗಿಯೇ. 1.050 ಸಾಂದ್ರತೆಯ ಗೋಧಿ ಬಿಯರಿನಲ್ಲಿ 12 ಐಬಿಯು ಇದ್ದರೆ ಅನುಪಾತ 0.24, ಕಹಿ ಹಿನ್ನೆಲೆಯಲ್ಲಿರುತ್ತದೆ, 1.065 ಸಾಂದ್ರತೆಯ ಐಪಿಎಯಲ್ಲಿ (ಹಾಪ್ಸ್ ಹೆಚ್ಚಾಗಿ ಬಳಸುವ ಒಂದು ಬಿಯರ್ ಶೈಲಿ) 60 ಐಬಿಯು ಇದ್ದರೆ ಅನುಪಾತ 0.92, ಅಲ್ಲಿ ಕಹಿಯದೇ ಮುಂದಾಳುತನ. ಈ ಅನುಪಾತ ಉಪಯುಕ್ತವೇ, ಆದರೆ ಅದು ನೋಡುವುದು ಹುದುಗುವ ಮೊದಲಿನ ಸಕ್ಕರೆಯನ್ನು, ನಾವು ಕುಡಿಯುವುದು ಹುದುಗಿದ ಮೇಲೆ ಉಳಿದದ್ದನ್ನು. ಎರಡು ಬಿಯರ್‌ಗಳು 1.050ರಲ್ಲಿ ಆರಂಭವಾಗಿ, ಎರಡರಲ್ಲೂ 30 ಐಬಿಯು ಇದ್ದು, ಒಂದು 1.008ಕ್ಕೂ ಇನ್ನೊಂದು 1.016ಕ್ಕೂ ಬಂದು ನಿಂತಿವೆ ಎಂದುಕೊಳ್ಳಿ. ಅನುಪಾತ ಒಂದೇ ಆದರೂ ಮೊದಲನೆಯದರಲ್ಲಿ ಕಹಿ ತೆಳ್ಳಗೆ, ಚೂಪಾಗಿ ತಾಗುತ್ತದೆ. ಎರಡನೆಯದರಲ್ಲಿ ಮಾಲ್ಟಿನ ಮೈ ಅದನ್ನು ಹೊತ್ತುಕೊಂಡಿರುತ್ತದೆ. ಹಾಗಾಗಿ ಯಾವ ಯೀಸ್ಟ್, ಮಾಲ್ಟನ್ನು ನೀರಿನಲ್ಲಿ ನೆನೆಸುವ ಉಷ್ಣತೆ ಎಷ್ಟು ಎಂಬುದನ್ನು ಮೊದಲು ತೀರ್ಮಾನಿಸಿ, ಅಂತಿಮ ಸಾಂದ್ರತೆಯನ್ನು ಅಂದಾಜಿಸಿ, ಆಮೇಲೆ ಹಾಪ್ಸ್ ತೂಗುವುದೇ ಸರಿಯಾದ ಕ್ರಮವೆಂದು ನನ್ನ ಖಚಿತ ಅಭಿಪ್ರಾಯ. 64 ಡಿಗ್ರಿಯ ಆಸುಪಾಸಿನಲ್ಲಿ ನೆನೆಸಿದ ಮಾಲ್ಟಿನಿಂದ ಯೀಸ್ಟ್ ತಿನ್ನಬಲ್ಲ ಸಕ್ಕರೆ ಹೆಚ್ಚು ಬರುತ್ತದೆ. 69ರ ಹತ್ತಿರ ನೆನೆಸಿದರೆ ಯೀಸ್ಟ್ ತಿನ್ನಲಾರದ ಡೆಕ್ಸ್ಟ್ರಿನ್‌ಗಳು ಹೆಚ್ಚುತ್ತವೆ. ಅವು ಅಷ್ಟೇನೂ ಸಿಹಿಯಲ್ಲ, ಆದರೆ ಬಾಯಿ ತುಂಬುವ ಗುಣ ಕೊಟ್ಟು ಕಹಿಯ ಮೊನೆಯನ್ನು ಮೊಂಡಾಗಿಸುತ್ತವೆ. ಚೆನ್ನಾಗಿ ಹುರಿದ ಕಪ್ಪು ಮಾಲ್ಟ್ ಬಳಸುವವರು ಹಾಪ್ಸಿಗೆ ಸೇರದ ಇನ್ನೊಂದು ಕಹಿ ಅದರಿಂದ ಬರುತ್ತದೆಂಬುದನ್ನೂ ಮರೆಯಬಾರದು.

ನೀರಿನ ಪಾತ್ರವೂ ಸಣ್ಣದಲ್ಲ. ಇಂಗ್ಲೆಂಡಿನ ಬರ್ಟನ್ ಪಟ್ಟಣದ ಬಾವಿಗಳ ನೀರಿನಲ್ಲಿ ಜಿಪ್ಸಮ್ ಹೇರಳವಾಗಿದ್ದು, ಅದರ ಸಲ್ಫೇಟ್ ಅಲ್ಲಿನ ತಿಳಿ ಬಣ್ಣದ ಬಿಯರ್‌ಗಳಾದ ಪೇಲ್ ಏಲ್‌ಗಳ ಕಹಿಯನ್ನು ಒಣದಾಗಿ, ಸ್ಪಷ್ಟವಾಗಿ ಎತ್ತಿ ತೋರಿಸಿತು. 1842ರಲ್ಲಿ ತಿಳಿ ಹೊಂಬಣ್ಣದ ಬಿಯರ್ ಆದ ಪಿಲ್ಸ್‌ನರ್ ಹುಟ್ಟಿದ ಬೊಹೀಮಿಯಾದ (ಈಗಿನ ಚೆಕ್ ಗಣರಾಜ್ಯ) ಪಿಲ್ಸೆನ್ ಊರಿನದು ತೀರ ಮೆದು ನೀರು. ಆ ಶೈಲಿಯಲ್ಲಿ 30ರಿಂದ 45 ಐಬಿಯು ಇದ್ದರೂ ಕಹಿ ದುಂಡಾಗಿ ಇಳಿಯುತ್ತದೆ. ಕ್ಲೋರೈಡ್ ಮಾಲ್ಟಿನ ತುಂಬುತನವನ್ನು ಹೆಚ್ಚಿಸುತ್ತದೆ. ಕ್ಷಾರೀಯತೆ ಹೆಚ್ಚಿರುವ ನೀರಿನಲ್ಲಾದರೋ ಕಹಿ ಒರಟಾಗುತ್ತದೆ, ಅಂಥಲ್ಲಿ ಹಾಪ್ಸನ್ನು ದೂರಿ ಫಲವಿಲ್ಲ.

ಕಹಿ ಮಿತಿಮೀರಿದ ಬಿಯರನ್ನು ಅವಸರದಿಂದ ಚೆಲ್ಲಬೇಕಾಗಿಲ್ಲ. ಎಳೆಯ ಬಿಯರಿನಲ್ಲಿ ತೇಲುವ ಯೀಸ್ಟ್ ಮತ್ತು ಹಾಪ್ಸಿನ ಒಗರು ಕೊಡುವ ಪಾಲಿಫೀನಾಲ್‌ಗಳು ಒರಟುತನಕ್ಕೆ ಕಾರಣವಾಗಿದ್ದರೆ, ಕೆಲವು ವಾರ ತಣ್ಣಗಿಟ್ಟಾಗ ಅವು ತಳಕ್ಕಿಳಿದು ರುಚಿ ಮೃದುವಾಗುತ್ತದೆ. ಹಾಗೂ ತಗ್ಗದಿದ್ದರೆ ಬೆರೆಸುವುದೇ ದಾರಿ: 60 ಐಬಿಯು ಬಿಯರಿಗೆ ಅಷ್ಟೇ ಪ್ರಮಾಣದ 20 ಐಬಿಯು ಬಿಯರ್ ಸೇರಿಸಿದರೆ ಸುಮಾರು 40 ಆಗುತ್ತದೆ. ಮೊದಲು ಒಂದು ಲೋಟದಲ್ಲಿ ಅಳೆದು ಬೆರೆಸಿ, ರುಚಿ ಒಪ್ಪಿಗೆಯಾದ ಮೇಲೆ ಉಳಿದದ್ದಕ್ಕೆ ಕೈಹಾಕಬೇಕು. ಸುರಿಯುವಾಗ ಗಾಳಿ ಸೇರಿ ಬಿಯರ್ ಹಳಸದಂತೆ ಎರಡನ್ನೂ ಕೊಳವೆಯ ಮೂಲಕ ಪಾತ್ರೆಯ ತಳದಿಂದ ನಿಧಾನವಾಗಿ ತುಂಬಬೇಕು.