ಕೊಮ್ಮೆದಿಯಾ ಅಲ್ಲಿತಾಲಿಯಾನಾ: ಇಟಲಿಯ ಎಲ್ಲ ನಗೆಚಿತ್ರಕ್ಕೂ ಈ ಹೆಸರಲ್ಲ

ಇಟಲಿಯ ಯಾವ ನಗೆಚಿತ್ರದ ಬಗ್ಗೆ ಬರೆದರೂ ‘ಕೊಮ್ಮೆದಿಯಾ ಅಲ್ಲಿತಾಲಿಯಾನಾ’ ಎಂದು ಸೇರಿಸುವುದು ಈಚೆಗೆ ಜಾಸ್ತಿಯಾಗಿದೆ. ಮೊನ್ನೆ ಒಬ್ಬರು ಹದಿನಾರನೇ ಶತಮಾನದ ಮುಖವಾಡದ ನಾಟಕಕ್ಕೂ ಅದೇ ಹೆಸರು ಕೊಟ್ಟಿದ್ದರು. ಆ ನಾಟಕ ಕೊಮ್ಮೆದಿಯಾ ದೆಲ್ಲಾರ್ತೆ. ಅದೇ ಬೇರೆ, ಇದೇ ಬೇರೆ.

ಕೊಮ್ಮೆದಿಯಾ ಅಲ್ಲಿತಾಲಿಯಾನಾ, ಅಂದರೆ ‘ಇಟಲಿ ರೀತಿಯ ಕಾಮಿಡಿ’, 1950ರ ದಶಕದ ಕೊನೆಗೆ ಶುರುವಾದ ಒಂದು ಬಗೆಯ ಸಿನಿಮಾ. ಹೆಸರು ಬಂದದ್ದು ನಿರ್ದೇಶಕ ಪಿಯೆತ್ರೊ ಜೆರ್ಮಿಯ 1961ರ ಚಿತ್ರದಿಂದ: ‘ದಿವೋರ್ತ್ಸಿಯೊ ಅಲ್ಲಿತಾಲಿಯಾನಾ’, ಅಂದರೆ ಇಟಲಿ ರೀತಿಯ ವಿಚ್ಛೇದನ. ಆ ‘ಇಟಲಿ ರೀತಿ’ ಏನೆಂದು ತಿಳಿಯದೆ ಪದ ಬಳಸಬಾರದು.

ಆಗ ಇಟಲಿಯಲ್ಲಿ ವಿಚ್ಛೇದನವೇ ಇರಲಿಲ್ಲ. ಆದರೆ ದಂಡಸಂಹಿತೆಯಲ್ಲಿ 587ನೇ ವಿಧಿ ಇತ್ತು. ಹೆಂಡತಿ, ಮಗಳು ಅಥವಾ ಅಕ್ಕತಂಗಿಯ ಅಕ್ರಮ ಸಂಬಂಧ ಗೊತ್ತಾಗಿ, ಮಾನ ಹೋಯಿತೆಂಬ ಸಿಟ್ಟಿನಲ್ಲಿ ಕೊಂದವನಿಗೆ ಮೂರರಿಂದ ಏಳು ವರ್ಷ ಜೈಲು, ಅಷ್ಟೇ. ಚಿತ್ರದಲ್ಲಿ ಸಿಸಿಲಿಯ ಸಣ್ಣ ಊರಿನ ಶ್ರೀಮಂತ ಫೆಫೆಗೆ ಹೆಂಡತಿ ರೊಸಾಲಿಯಾ ಸಾಕಾಗಿದ್ದಾಳೆ, ಎಳೆ ಹುಡುಗಿ ಆಂಜೆಲಾ ಬೇಕಾಗಿದ್ದಾಳೆ. ಹೆಂಡತಿಯನ್ನು ಬಿಡಲು ಕಾನೂನು ಬಿಡದು, ಕೊಂದರೆ ಕನಿಕರ ತೋರುತ್ತದೆ. ಹಾಗಾಗಿ ಅವಳಿಗೆ ತಾನೇ ಪ್ರಿಯಕರನನ್ನು ಹುಡುಕುತ್ತಾನೆ. ಚಿತ್ರಕಾರನೊಬ್ಬನನ್ನು ಮನೆಗೆ ಕರೆಸಿ, ಅವರಿಬ್ಬರ ಮಾತು ಹಿಡಿಯಲು ಟೇಪ್ ರೆಕಾರ್ಡರ್ ಬಚ್ಚಿಡುತ್ತಾನೆ. ಕೊಲೆಗೆ ಮೊದಲೇ ಫೆಫೆಯ ತಲೆಯೊಳಗೆ ವಕೀಲ ದನಿ ಏರಿಸಿ ವಾದ ಶುರುಮಾಡಿರುತ್ತಾನೆ. ಫೆಫೆಯಾದ ಮಾರ್ಚೆಲ್ಲೊ ಮಾಸ್ತ್ರೊಯಾನ್ನಿ ಮಧ್ಯೆ ಮಧ್ಯೆ ಬಾಯಿಯ ಮೂಲೆಯನ್ನು ಚಕ್ಕೆಂದು ಒಳಗೆಳೆದುಕೊಳ್ಳುತ್ತಾನೆ. ಅದೊಂದರಲ್ಲೇ ಆ ಮನುಷ್ಯನ ಸೋಮಾರಿತನ, ಹುಸಿ ಗತ್ತು ಎರಡೂ ಕಾಣುತ್ತವೆ.

ಕೊನೆಗೆ ಫೆಫೆ ರೊಸಾಲಿಯಾಳನ್ನು ಕೊಲ್ಲುತ್ತಾನೆ. ಅವನು ಜೈಲಿನಿಂದ ಹೊರಬಂದು ಆಂಜೆಲಾಳನ್ನು ಮದುವೆಯಾಗುತ್ತಾನೆ. ಇದನ್ನು ‘ಹಗುರ ಹಾಸ್ಯ’ ಅನ್ನುವುದು ಹೇಗೆ? ಈ ಬಗೆಯ ಚಿತ್ರದಲ್ಲಿ ಅನ್ಯಾಯ ಕಣ್ಣೆದುರೇ ಇರಬೇಕು, ನಗುವೂ ಬರಬೇಕು, ಯಾವುದೂ ಸರಿಹೋಗಬಾರದು. ಅದಿಲ್ಲದಿದ್ದರೆ ಸುಮ್ನೆ ಇಟಾಲಿಯನ್ ಕಾಮಿಡಿ ಅನ್ನಿ, ಸಾಕು.

ಜೆರ್ಮಿಯ 1964ರ ‘ಸೆದೊತ್ತಾ ಎ ಅಬ್ಬಂದೊನಾತಾ’ ಇನ್ನೂ ಖಾರ. ಅಲ್ಲಿ 544ನೇ ವಿಧಿ: ಕೆಡಿಸಿದ ಹುಡುಗಿಯನ್ನೇ ಮದುವೆಯಾದರೆ ಅಪರಾಧ ಮಾಫಿ. ಆದರೆ ಕೆಡಿಸಿದವನೇ ‘ಕೆಟ್ಟವಳನ್ನು ಹೇಗೆ ಮದುವೆಯಾಗಲಿ’ ಅನ್ನುತ್ತಾನೆ! ವಿಚ್ಛೇದನದ ಕಾನೂನು ಬಂದದ್ದು 1970ರಲ್ಲಿ. ಈ ಎರಡು ವಿಧಿಗಳು ರದ್ದಾಗಲು 1981 ಬರಬೇಕಾಯಿತು.

ಇವೆಲ್ಲ ಹಿಂದುಳಿದ ದಕ್ಷಿಣ ಇಟಲಿಯ ಗೇಲಿ ಅನ್ನುವವರೂ ಇದ್ದಾರೆ. ಅವರು ಜೆರ್ಮಿಯ ‘ಸಿಞೋರೆ ಎ ಸಿಞೋರಿ’ ನೋಡಬೇಕು. 1966ರಲ್ಲಿ ಕಾನ್ ಉತ್ಸವದ ದೊಡ್ಡ ಬಹುಮಾನ ಹಂಚಿಕೊಂಡ ಚಿತ್ರ. ಊರು ಉತ್ತರದ್ದು, ದುಡ್ಡಿರುವ ವೆನೆತೊ ಸೀಮೆಯದು, ಚಿತ್ರೀಕರಣ ತ್ರೆವಿಸೊದಲ್ಲಿ. ಅಲ್ಲಿನ ದೊಡ್ಡ ಮನುಷ್ಯರ ಕದ್ದುಮುಚ್ಚಿದ ಸಂಬಂಧಗಳನ್ನು ಯಾರೂ ಕೇಳುವುದಿಲ್ಲ. ಬ್ಯಾಂಕಿನ ಗುಮಾಸ್ತನೊಬ್ಬ ಕೆಫೆಯ ಕ್ಯಾಷಿಯರ್ ಹುಡುಗಿಯನ್ನು ನಿಜವಾಗಿ ಪ್ರೀತಿಸಿ, ಹೆಂಡತಿಯನ್ನು ಬಿಟ್ಟು ಅವಳ ಜೊತೆ ಎಲ್ಲರೆದುರೇ ಬಾಳಲು ಹೊರಟಾಗ ಮಾತ್ರ ಊರಿಗೆ ಊರೇ ಅವನ ಮೇಲೆ ತಿರುಗಿಬೀಳುತ್ತದೆ.